ಬೆಳಗಿನ ಒಂದು ಜಿಬಿ

ಹೊಸಕೋಟೆಯಿಂದ ಸಮೇತನಹಳ್ಳಿಗೆ ಹೋಗುವ ದಾರಿಯಲ್ಲಿ ಗುಂಡಮ್ಮನಪಾಳ್ಯ ಅಂತ ಒಂದು ಸಣ್ಣ ಊರು. ಅಲ್ಲಿನ ಹಾಲಿನ ಡೈರಿಯಲ್ಲಿ ಅಶ್ವತ್ಥಮ್ಮ ಇಪ್ಪತ್ತೊಂದು ವರ್ಷದಿಂದ ಟೆಸ್ಟರ್. ಬೆಳಿಗ್ಗೆ ಆರಕ್ಕೆ ಒಂದು ಸಲ, ಸಂಜೆ ಐದಕ್ಕೆ ಒಂದು ಸಲ ಊರಿನವರು ಕ್ಯಾನು, ಬಕೆಟ್ಟು ಹಿಡಿದು ಸಾಲು ನಿಲ್ಲುತ್ತಾರೆ. ಒಬ್ಬೊಬ್ಬರ ಹಾಲಿನಲ್ಲೂ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಅದು ಎಷ್ಟು ಡಿಗ್ರಿಗೆ ನಿಲ್ಲುತ್ತದೆ ಅಂತ ನೋಡಿ ಬರೆಯುವುದು ಅವಳ ಕೆಲಸ. ನೀರು ಬೆರೆತಿದ್ದರೆ ಡಿಗ್ರಿ ಇಳಿಯುತ್ತದೆ. ಈ ಕೆಲಸದಲ್ಲಿ ಅವಳು ಒಂದು ವಿಷಯ ಕಲಿತಿದ್ದಳು. ಮುಖ ಸಿಂಡರಿಸಿಕೊಂಡು ಬಂದವರ ಹಾಲನ್ನು ಒಂದು ಸಲ ನೋಡಿದರೆ ಸಾಕು. ನಗುನಗುತ್ತಾ ಬಂದು, "ಚೆನ್ನಾಗಿದ್ದೀಯೇನಮ್ಮ, ಊಟ ಆಯ್ತಾ" ಅಂತ ಕೇಳುವವರ ಹಾಲನ್ನು ಎರಡು ಸಲ ನೋಡಬೇಕು.

ಅವಳ ಅನುಮಾನಕ್ಕೆ ಊರಿನಲ್ಲಿ ಒಂದು ಮರ್ಯಾದೆ ಇತ್ತು. ಅದು ಬಂದದ್ದು ಅವಳು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಆಗ ಹಾಲಿನ ಸಂಘದ ಅಧ್ಯಕ್ಷರಾಗಿದ್ದವರು ಆದಿನಾರಾಯಣಪ್ಪ. ಊರಿನಲ್ಲಿ ಅರ್ಧ ಜಮೀನು ಅವರದೇ. ಅವರ ಮನೆಯ ಹಾಲನ್ನು ಯಾವ ಟೆಸ್ಟರೂ ಅಳೆದು ನೋಡಿದ್ದಿಲ್ಲ. ಸುಮ್ಮನೆ ಇಪ್ಪತ್ತೆಂಟು ಅಂತ ಬರೆದು ಸುರಿದುಕೊಳ್ಳುವುದು ರೂಢಿ. ಒಂದು ಬೆಳಿಗ್ಗೆ ಅಶ್ವತ್ಥಮ್ಮ ಅಳೆದಳು. ಇಪ್ಪತ್ತೊಂದು ಬಂತು. ಮತ್ತೆ ಅಳೆದಳು, ಇಪ್ಪತ್ತೊಂದೇ. ಕ್ಯಾನನ್ನು ಹಾಗೇ ವಾಪಸ್ ಕಳಿಸಿಬಿಟ್ಟಳು. ಮಧ್ಯಾಹ್ನದೊಳಗೆ ಊರೆಲ್ಲ ಗುಲ್ಲು. ಅವಳನ್ನು ತೆಗೆದುಹಾಕಬೇಕು ಅಂತ ಸಭೆ ಕರೆದರು. ಮೇಲಿನಿಂದ ಬಂದ ಅಧಿಕಾರಿ ಮರುದಿನ ಹೇಳದೆ ಕೇಳದೆ ಬಂದು ಅದೇ ಮನೆಯ ಹಾಲನ್ನು ತಾನೇ ಅಳೆದಾಗ ಇಪ್ಪತ್ತೆರಡು ಬಂತು. ಹಾಲು ಕರೆಯುವ ಆಳು ಮಾಡಿದ ಕೆಲಸ ಅಂತ ಗೊತ್ತಾಯಿತು. ಆದಿನಾರಾಯಣಪ್ಪನವರೇ ಡೈರಿ ಬಾಗಿಲಿಗೆ ಬಂದು, "ನೀನು ಮಾಡಿದ್ದು ಸರಿ ಕಣಮ್ಮ" ಅಂದು ಹೋದರು. ಆವತ್ತಿನಿಂದ ಅಶ್ವತ್ಥಮ್ಮನಿಗೆ ಒಂದು ನಂಬಿಕೆ ಗಟ್ಟಿಯಾಯಿತು. ತನಗೆ ಅನುಮಾನ ಬಂತು ಅಂದರೆ ಅಲ್ಲಿ ಏನೋ ಇದ್ದೇ ಇರುತ್ತದೆ.

ಈಗ ಅವಳಿಗೆ ಐವತ್ತು ದಾಟಿದೆ. ಮನೆಯಲ್ಲಿ ಗಂಡ ರಾಮಾಂಜಿನಪ್ಪ, ಅತ್ತೆ ಅಮ್ಮಯಮ್ಮ. ಮಗಳು ರಮ್ಯಳನ್ನು ನೆಲಮಂಗಲಕ್ಕೆ ಕೊಟ್ಟಿದೆ. ಅಲ್ಲೇ ಒಂದು ಗೋಡೌನಿನಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತಾಳೆ. ಮನೆಯ ಮುಂದಿನ ಕೋಣೆಯನ್ನು ಮದನಪಲ್ಲಿ ಕಡೆಯ ಗಂಡಹೆಂಡತಿಗೆ ಬಾಡಿಗೆಗೆ ಕೊಟ್ಟಿದ್ದರು. ಇಬ್ಬರೂ ಹತ್ತಿರದ ಸಿಮೆಂಟ್ ಇಟ್ಟಿಗೆ ಕಾರ್ಖಾನೆಗೆ ಹೋಗುತ್ತಿದ್ದರು.

ಅಶ್ವತ್ಥಮ್ಮನ ಹತ್ತಿರ ಒಂದು ಟಚ್ ಫೋನ್ ಇತ್ತು. ರಮ್ಯ ಕೊಡಿಸಿದ್ದು. ಅದನ್ನು ಅವಳು ಡೈರಿಗೆ ಒಯ್ಯುತ್ತಿರಲಿಲ್ಲ, ಏಕೆಂದರೆ ಅದಕ್ಕೆ ಮುಂಚಿನ ಫೋನು ಸೊಂಟದಿಂದ ಜಾರಿ ನಲವತ್ತು ಲೀಟರಿನ ಕ್ಯಾನಿಗೆ ಬಿದ್ದು ಹಾಲೂ ಕೆಟ್ಟು ಫೋನೂ ಕೆಟ್ಟಿತ್ತು. ಹಾಗಾಗಿ ಎರಡು ಹೊತ್ತೂ ಫೋನು ನಡುಮನೆಯ ಕಿಟಕಿಯಲ್ಲಿ ಚಾರ್ಜಿಗೆ ಇರುತ್ತಿತ್ತು. ಸಂಜೆ ಮನೆಗೆ ಬಂದ ಮೇಲೆ, ಆ ದಿನದ ಟೆಸ್ಟ್ ಹಾಳೆಯ ಫೋಟೊ ತೆಗೆದು ಡೈರಿಯ ಕಾರ್ಯದರ್ಶಿ ಹರಿಪ್ರಸಾದನಿಗೆ ವಾಟ್ಸಾಪ್‌ನಲ್ಲಿ ಕಳಿಸಬೇಕು. ರಮ್ಯ ಜೊತೆ ಆಗೊಮ್ಮೆ ಈಗೊಮ್ಮೆ ವಿಡಿಯೊದಲ್ಲಿ ಮಾತಾಡುವುದು ಬಿಟ್ಟರೆ ಅವಳಿಗೆ ಇಂಟರ್ನೆಟ್ಟಿನಿಂದ ಬೇಕಾಗಿದ್ದದ್ದು ಅಷ್ಟೇ. ದಿನಕ್ಕೆ ಒಂದು ಜಿಬಿಯ ಇಪ್ಪತ್ತೆಂಟು ದಿನದ ಪ್ಲಾನು ವರ್ಷಗಟ್ಟಲೆಯಿಂದ ಹಾಕಿಸುತ್ತಿದ್ದಳು, ಒಂದು ದಿನವೂ ಸಾಲದೆ ಬಂದದ್ದಿಲ್ಲ.

ದಸರಾ ಕಳೆದು ಎರಡು ವಾರ ಆಗಿರಬೇಕು. ಒಂದು ಸಂಜೆ ಹಾಳೆಯ ಫೋಟೊ ಹೋಗಲೇ ಇಲ್ಲ. ಪುಟ್ಟ ಚಕ್ರ ಸುತ್ತುತ್ತಾ ಸುತ್ತುತ್ತಾ ನಿಂತುಬಿಟ್ಟಿತು. ಮೆಸೇಜು ತೆಗೆದು ನೋಡಿದರೆ, ಇಂದಿನ ಡೇಟಾ ಪೂರ್ತಿ ಮುಗಿದಿದೆ ಅಂತ ಕಂಪನಿಯವರು ಕಳಿಸಿದ್ದರು. ಯಾವಾಗ ಅಂತ ನೋಡಿದಳು. ಬೆಳಿಗ್ಗೆ ಏಳೂ ಐವತ್ತು. ಅಷ್ಟು ಹೊತ್ತಿಗೆ ಅವಳು ಇನ್ನೂ ಡೈರಿಯಲ್ಲೇ ಇದ್ದಳು. ಮರುದಿನವೂ ಹಾಗೇ. ಮೂರನೇ ದಿನ ಹರಿಪ್ರಸಾದ ಡೈರಿಯಲ್ಲೇ ಕೇಳಿದ: "ಅಶ್ವತ್ಥಕ್ಕ, ಹಾಳೆ ಯಾಕೆ ಬರ್ತಿಲ್ಲ? ಮೇಲಿನೋರು ನನ್ನ ಕೇಳ್ತಾವ್ರೆ."

ಕೆಲಸದಲ್ಲಿ ಒಂದು ಮಾತು ಕೇಳಿಸಿಕೊಂಡವಳಲ್ಲ ಅಶ್ವತ್ಥಮ್ಮ. ಆ ಮಧ್ಯಾಹ್ನವೇ ಬಸ್ ಸ್ಟಾಪಿನ ಹತ್ತಿರ ಜೆರಾಕ್ಸು, ರೀಚಾರ್ಜು ಮಾಡುವ ದೇವರಾಜನ ಅಂಗಡಿಗೆ ಹೋದಳು.

"ದೇವರಾಜ, ನಿಜ ಹೇಳು. ನಂಗೆ ಒಂದು ಜಿಬಿ ಪೂರ್ತಿ ಬರ್ತೈತಾ, ಇಲ್ಲ ಮಧ್ಯದಲ್ಲಿ ಯಾರಾದ್ರೂ ತೆಕ್ಕೊಂತಾವ್ರಾ?"

ದೇವರಾಜ ನಕ್ಕ. "ಅಕ್ಕ, ಅದೇನು ಸಕ್ಕರೆನಾ ಮಧ್ಯದಲ್ಲಿ ಮುಕ್ಕಾಕೆ? ಈಗ ಎಲ್ಲಾರ್ಗೂ ಒಂದು ಜಿಬಿ ಸಾಲ್ತಿಲ್ಲ. ಒಂದೂವರೆ ಹಾಕ್ತೀನಿ, ಇಲ್ಲಾಂದ್ರೆ ಎರಡು ಜಿಬಿದು ಹಾಕ್ಸ್ಕೊಳ್ಳಿ. ಆರಾಮಾಗಿರ್ತೀರ."

ಅವನು ನಕ್ಕದ್ದು ಅವಳಿಗೆ ಹಿಡಿಸಲಿಲ್ಲ. ಕೇಳದೇ ಎರಡು ಜಿಬಿ ಅಂದದ್ದಂತೂ ಮೊದಲೇ ಹಿಡಿಸಲಿಲ್ಲ. "ತಿಂಗಳಿಗೆ ಮೂವತ್ತು ದಿನ ಇರ್ತೈತೆ. ನಿಮ್ಮ ಕಂಪನಿಯೋರಿಗೆ ಮಾತ್ರ ಇಪ್ಪತ್ತೆಂಟೇ ಯಾಕೆ?" ಅಂತ ಕೇಳಿದಳು.

"ಅದು ಅವ್ರು ಮಾಡಿರೋ ಲೆಕ್ಕ ಅಕ್ಕ, ನಾನೇನು ಮಾಡ್ಲಿ."

"ಆ ಎರಡೆರಡು ದಿನ ಕೂಡಿಸಿದ್ರೆ ವರ್ಷಕ್ಕೆ ಹದಿಮೂರು ಸಲ ರೀಚಾರ್ಜು ಆಗ್ತೈತೆ. ನಾನು ಕೂತು ಲೆಕ್ಕ ಹಾಕಿದ್ದೀನಿ. ದಿನದಲ್ಲೇ ಕದಿಯೋರು ಜಿಬಿಯಲ್ಲಿ ಬಿಡ್ತಾರಾ?"

ಆದರೂ ಬೇರೆ ದಾರಿ ಕಾಣದೆ ಒಂದೂವರೆ ಜಿಬಿಯ ಪ್ಲಾನು ಹಾಕಿಸಿಕೊಂಡು ಬಂದಳು.

ಆ ರಾತ್ರಿ ರಮ್ಯ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದಳು. ಬೇರೆ ಯಾವ ವಿಷಯಕ್ಕಾದರೂ ಹತ್ತು ಪ್ರಶ್ನೆ ಕೇಳುವ ಮಗಳು ಇದಕ್ಕೆ ಮಾತ್ರ ಬಡಬಡ ಅಂದುಬಿಟ್ಟಳು: "ಅಮ್ಮ, ಸುಮ್ನೆ ಎರಡು ಜಿಬಿದು ಹಾಕ್ಸ್ಕೊಂಬಿಡು. ನಾನೇ ಇಲ್ಲಿಂದ ಹಾಕ್ತೀನಿ. ತಲೆ ಕೆಡಿಸ್ಕೊಬೇಡ." ಫೋನಿಟ್ಟ ಮೇಲೆ ಅಶ್ವತ್ಥಮ್ಮ ಬಹಳ ಹೊತ್ತು ಯೋಚಿಸಿದಳು. ಇವಳು ಯಾಕೆ ಇಷ್ಟು ಬೇಗ ಒಪ್ಪಿಬಿಟ್ಟಳು? ಅಂಗಡಿಯವನೂ ಎರಡು ಜಿಬಿ ಅನ್ನುತ್ತಾನೆ, ಮಗಳೂ ಎರಡು ಜಿಬಿ ಅನ್ನುತ್ತಾಳೆ.

ಒಂದೂವರೆ ಜಿಬಿ ಹಾಕಿಸಿದ ಮೂರನೇ ದಿನ ಮತ್ತೆ ಅದೇ ಮೆಸೇಜು. ಸಮಯ ಎಂಟೂ ಇಪ್ಪತ್ತು.

ಅಶ್ವತ್ಥಮ್ಮನಿಗೆ ಎಲ್ಲ ಸ್ಪಷ್ಟವಾದ ಹಾಗಾಯಿತು. ಒಂದು ಜಿಬಿ ಹಾಕಿಸಿದರೂ ಒಂಬತ್ತರೊಳಗೆ ಮುಗಿಯುತ್ತದೆ, ಒಂದೂವರೆ ಹಾಕಿಸಿದರೂ ಒಂಬತ್ತರೊಳಗೆ ಮುಗಿಯುತ್ತದೆ. ಅಂದರೆ ಆ ಅರ್ಧ ತನಗೆ ಬಂದೇ ಇಲ್ಲ. ಅಂಗಡಿಯಲ್ಲಿ ಕೂತವನೇ ಅದನ್ನು ಬೇರೆ ಯಾರಿಗೋ ತಿರುಗಿಸಿದ್ದಾನೆ. ಬೇರೆ ಏನಿರಲು ಸಾಧ್ಯ?

ಅವಳು ಹೋದಾಗ ಹೊಸಕೋಟೆ ಬಸ್ಸಿಗೆ ಕಾಯುತ್ತಿದ್ದ ಏಳೆಂಟು ಜನ ಅಂಗಡಿಯ ನೆರಳಿನಲ್ಲಿ ನಿಂತಿದ್ದರು. ಅವಳು ದನಿ ತಗ್ಗಿಸಲಿಲ್ಲ.

"ಏನಪ್ಪಾ ದೇವರಾಜ, ನನ್ನ ನಂಬರಿಗೆ ಹಾಕೋ ಡೇಟಾನ ಯಾರಿಗೆ ಮಾರ್ಕೊಂತಾ ಇದ್ದೀಯ?"

ದೇವರಾಜನ ಮುಖ ಕಪ್ಪಿಟ್ಟಿತು. "ಅಕ್ಕ, ಏನ್ ಮಾತು ಆಡ್ತಿದ್ದೀರ?"

"ಒಂದು ಹಾಕಿದ್ರೂ ಅಷ್ಟೇ, ಒಂದೂವರೆ ಹಾಕಿದ್ರೂ ಅಷ್ಟೇ. ನಾನು ದಿನಕ್ಕೆ ಒಂದು ಫೋಟೊ ಕಳ್ಸೋಳು. ನನ್ನ ಕಿವಿಗೆ ಹೂವು ಮಡಗ್ಬೇಡ. ಇಪ್ಪತ್ತೊಂದು ವರ್ಷ ಇದೇ ಕೆಲಸ ಮಾಡಿದ್ದೀನಿ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಶ್ವತ್ಥಮ್ಮ ಹೇಳಿದಳು ಅಂದಮೇಲೆ ಇರಬಹುದೇನೋ ಅನ್ನುವ ಹಾಗಿತ್ತು ಅವರ ನೋಟ. ಅದು ದೇವರಾಜನಿಗೂ ಕಂಡಿತು. ಅವನು ಕೂಗಾಡಲಿಲ್ಲ. ಕೈ ಚಾಚಿ, "ಫೋನ್ ಕೊಡಿ" ಅಂದ. ಸೆಟ್ಟಿಂಗ್ಸ್ ತೆಗೆದು, ಎಲ್ಲೆಲ್ಲೋ ಒತ್ತಿ, ಫೋನನ್ನು ಅವಳ ಕಡೆ ತಿರುಗಿಸಿ ಮೇಜಿನ ಮೇಲಿಟ್ಟ. "ಯಾವುದಕ್ಕೆ ಎಷ್ಟು ಖರ್ಚಾಗೈತೆ ಅಂತ ಫೋನೇ ಬರ್ಕೊಂಡಿರ್ತೈತೆ ಅಕ್ಕ. ವಾಟ್ಸಾಪು ಈ ತಿಂಗಳು ಎರಡು ಜಿಬಿ. ಅದು ನಿಮ್ಮದು. ಇಲ್ಲಿ ನೋಡಿ. ಯೂಟ್ಯೂಬು ಹದಿಮೂರು ಜಿಬಿ."

"ನಾನು ಯೂಟ್ಯೂಬು ಒತ್ತಿದ್ದೇ ಇಲ್ಲ."

"ನಾನೂ ಒತ್ತಿಲ್ಲ. ಫೋನು ನಿಮ್ಮ ಮನೇಲಿರ್ತೈತೆ. ಮನೇಲೇ ವಿಚಾರಿಸ್ಕೊಳ್ಳಿ."

ಬಸ್ಸಿಗೆ ಕಾಯುತ್ತಿದ್ದ ಬೈರೇಶ, "ಅಕ್ಕ ಹಾಲಿಗೆ ಡಿಗ್ರಿ ನೋಡ್ತಾರೆ, ಮೊಬೈಲಿಗೆ ನೋಡಿಲ್ಲ" ಅಂದ. ಎಲ್ಲರೂ ನಕ್ಕರು. ಬೈರೇಶನ ಹಾಲನ್ನು ಅವಳು ಹೋದ ವರ್ಷ ಎರಡು ಸಲ ವಾಪಸ್ ಕಳಿಸಿದ್ದಳು. ದೇವರಾಜ ಮಾತ್ರ ನಗಲಿಲ್ಲ. ಫೋನನ್ನು ಅವಳ ಕೈಗೆ ಕೊಟ್ಟು, ಜೆರಾಕ್ಸ್ ಯಂತ್ರದ ಕಡೆ ತಿರುಗಿಕೊಂಡ.

ಮನೆಯ ತನಕ ಬಂದದ್ದು ಹೇಗೆ ಅಂತ ಅವಳಿಗೆ ಗೊತ್ತಾಗಲಿಲ್ಲ. ನಾಚಿಕೆ ಆಗಿತ್ತು, ಅದಕ್ಕಿಂತ ಹೆಚ್ಚಾಗಿ ಒಂದು ಉರಿ. ಕಳ್ಳತನ ಆಗಿರುವುದು ನಿಜ. ಕಳ್ಳ ಮನೆಯೊಳಗೇ ಇದ್ದಾನೆ.

ಮೊದಲು ಗಂಡನನ್ನು ಹಿಡಿದಳು. ರಾಮಾಂಜಿನಪ್ಪ ಊಟಕ್ಕೆ ಕೂತಿದ್ದ. ಮುದ್ದೆ ಮುರಿಯುವ ಮುಂಚೆ ಕೇಳಿದಳು: "ಬೆಳಿಗ್ಗೆ ನಾನು ಡೈರಿಗೆ ಹೋದ್ಮೇಲೆ ನನ್ನ ಫೋನಲ್ಲಿ ಏನು ನೋಡ್ತೀರ?"

"ನಾನಾ? ಬೆಳಿಗ್ಗೆ ನಾನು ಟೊಮೇಟೊ ತೋಟದಲ್ಲಿ ಇರ್ತೀನಲ್ಲೇ."

"ಇರ್ತೀರ ಅಂತ ನೀವು ಹೇಳ್ತೀರ."

ರಾಮಾಂಜಿನಪ್ಪ ಜೇಬಿನಿಂದ ತನ್ನ ಗುಂಡಿ ಫೋನ್ ತೆಗೆದು ಅವಳ ಮುಂದಿಟ್ಟ. "ನಂಗೆ ಇದ್ರಲ್ಲೇ ಟಾರ್ಚು ಆರ್ಸಾಕೆ ಬರಲ್ಲ. ನಿನ್ನ ಫೋನು ಮುಟ್ಟಿದ್ರೆ ಯಾರಿಗೋ ಹೋಗ್ಬಿಡ್ತೈತೆ ಅಂತ ಭಯ. ಅನುಮಾನ ಇದ್ರೆ ನಾಳೆ ತೋಟಕ್ಕೆ ಬಂದು ನೋಡು." ಆಮೇಲೆ ಸಾರು ಹಾಕಿಕೊಂಡು ನೆಮ್ಮದಿಯಾಗಿ ಉಂಡ. ಅವನು ಅಷ್ಟು ನೆಮ್ಮದಿಯಾಗಿ ಉಂಡದ್ದು ಅವಳಿಗೆ ಮೊದಲು ಅನುಮಾನ ತಂದಿತು, ಆಮೇಲೆ ಬೇಸರ ತಂದಿತು. ಮೂವತ್ತು ವರ್ಷದಲ್ಲಿ ಅವನು ಅವಳಿಗೆ ಹೇಳಿದ ಸುಳ್ಳೆಲ್ಲ ಬೀಡಿಯ ವಿಷಯದಲ್ಲಿ ಮಾತ್ರ, ಅದೂ ವಾಸನೆಯಿಂದ ಸಿಕ್ಕಿಬೀಳುತ್ತಿತ್ತು.

ಅತ್ತೆಯನ್ನು ಕೇಳುವ ಯೋಚನೆಯೇ ಅವಳಿಗೆ ಬರಲಿಲ್ಲ. ಅಮ್ಮಯಮ್ಮನಿಗೆ ಎಂಬತ್ತರ ಹತ್ತಿರ. ಓದು ಬಾರದು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಬಾಗಿಲು ಯಾವುದು ಗೋಡೆ ಯಾವುದು ಅಂತ ಗೊತ್ತಾಗುವಷ್ಟು ಬೆಳಕಿತ್ತು. ಅತ್ತೆ ಸೊಸೆ ಜಗಳವಾಡಿ ಎಷ್ಟೋ ವರ್ಷ ಆಗಿತ್ತು, ಮಾತಾಡಿಯೂ ಅಷ್ಟೇ ವರ್ಷ ಆಗಿತ್ತು. ಊಟ ಆಯ್ತಾ, ಮಾತ್ರೆ ತಗೊಂಡ್ರಾ; ಅಷ್ಟೇ.

ಸಂಜೆ ಒಬ್ಬಳೇ ಕೂತು ಅಶ್ವತ್ಥಮ್ಮ ಮೊದಲ ಬಾರಿಗೆ ಯೂಟ್ಯೂಬಿನ ಕೆಂಪು ಗುರುತನ್ನು ಒತ್ತಿದಳು. ನಿಧಾನವಾಗಿ ಚಿತ್ರಗಳು ಬಂದವು. ರುಮಾಲು ಸುತ್ತಿ ಗೆಜ್ಜೆ ಕಟ್ಟಿದ ಮೂರು ಜನ, ಕೈಯಲ್ಲಿ ತಂಬೂರಿ. ಅದರ ಕೆಳಗೆ ಇನ್ನೊಂದು ಅಂಥದೇ ಚಿತ್ರ, ಮತ್ತೊಂದು. ಬರಹ ಕನ್ನಡದ ಹಾಗೇ ದುಂಡಗಿತ್ತು, ಕೂಡಿಸಿ ಓದಲು ಹೋದರೆ ಮಾತ್ರ ಬಾಯಿಗೆ ಸಿಗಲಿಲ್ಲ. ತೆಲುಗು. ಚಿಂತಾಮಣಿಯ ಆಚೆಯಿಂದ ಬರುವ ಲಾರಿಗಳ ಮೇಲೆ ನೋಡಿ ಅವಳಿಗೆ ಆ ಅಕ್ಷರದ ಗುರುತು ಇತ್ತು.

ಅವಳ ಕಣ್ಣು ತಾನಾಗಿಯೇ ಮುಂದಿನ ಕೋಣೆಯ ಕಡೆ ಹೋಯಿತು. ಮದನಪಲ್ಲಿಯವರು, ಮನೆಮಾತು ತೆಲುಗು. ಅವರ ಕೋಣೆಗೂ ನಡುಮನೆಗೂ ಮಧ್ಯೆ ಒಂದು ಬಾಗಿಲಿತ್ತು. ಅದಕ್ಕೆ ಈ ಕಡೆಯಿಂದ ಚಿಲಕವೇ ಇರಲಿಲ್ಲ. ಆ ಹೆಂಗಸು ಬೇರೆ, ಕಂಡಾಗಲೆಲ್ಲ ನಗುನಗುತ್ತಾ ಮಾತಾಡಿಸುವವಳು. ಎಲ್ಲ ಕೂಡಿಬಂತು. ಅಶ್ವತ್ಥಮ್ಮ ಎದ್ದು, ಸೆರಗು ಸಿಕ್ಕಿಸಿಕೊಂಡು, ಅವರ ಬಾಗಿಲ ತನಕ ಹೋದಳು. ನಾಳೆಯೇ ಕೋಣೆ ಖಾಲಿ ಮಾಡಿ ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು.

ಆಗ ಜೆರಾಕ್ಸ್ ಯಂತ್ರದ ಕಡೆ ತಿರುಗಿಕೊಂಡ ದೇವರಾಜನ ಬೆನ್ನು ನೆನಪಾಯಿತು. ಅವಳು ಬಾಗಿಲು ತಟ್ಟದೆ ವಾಪಸ್ ಬಂದಳು. ಅಳೆಯದೆ ಬರೆಯಬಾರದು. ಒಂದು ಸಲ ಬರೆದದ್ದಾಗಿದೆ, ಸಾಕು.

ಫೋನಿಗೆ ಬೀಗ ಹಾಕಿಬಿಡಬಹುದಿತ್ತು. ಆದರೆ ಬೀಗ ಹಾಕಿದರೆ ಕಳ್ಳ ಎಚ್ಚೆತ್ತುಕೊಳ್ಳುತ್ತಾನೆ, ಯಾರು ಅಂತ ಕಡೆಯ ತನಕ ತಿಳಿಯುವುದಿಲ್ಲ. ದೇವರಾಜ ತೋರಿಸಿದ ಜಾಗ ಅವಳಿಗೆ ನೆನಪಿತ್ತು. ಹಳೆಯ ಟೆಸ್ಟ್ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದು, ಡೈರಿಗೆ ಹೊರಡುವ ಮುಂಚೆ ಎಷ್ಟು, ಬಂದ ಮೇಲೆ ಎಷ್ಟು ಅಂತ ನಾಲ್ಕು ದಿನ ಬರೆದಳು. ಸಂಜೆ ಏನೂ ಖರ್ಚಾಗುತ್ತಿರಲಿಲ್ಲ. ಎಲ್ಲವೂ ಬೆಳಿಗ್ಗೆ ಆರರಿಂದ ಎಂಟೂವರೆಯೊಳಗೆ. ಮದನಪಲ್ಲಿಯ ಗಂಡಹೆಂಡತಿ ಬುತ್ತಿ ಕಟ್ಟಿಕೊಂಡು ಆರೂಕಾಲಿನ ಕಾರ್ಖಾನೆ ಗಾಡಿ ಹತ್ತುವುದನ್ನು ಅವಳು ಡೈರಿಯ ಕಟ್ಟೆಯಿಂದ ತಾನೇ ಕಂಡಳು. ನಾಲ್ಕು ದಿನವೂ ಕಂಡಳು. ಹಾಗಾದರೆ ಅವರಲ್ಲ. ಆ ಹೆಂಗಸು ಗಾಡಿ ಹತ್ತುವಾಗ ಇವಳ ಕಡೆ ಕೈಬೀಸಿದಳು. ಅಶ್ವತ್ಥಮ್ಮನಿಗೆ ಕೈ ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು.

ಐದನೇ ದಿನ ಏಳು ಗಂಟೆಗೆ, ಸಾಲು ಇನ್ನೂ ಅರ್ಧ ಇರುವಾಗಲೇ, ಅವಳು ಲ್ಯಾಕ್ಟೋಮೀಟರನ್ನು ಹರಿಪ್ರಸಾದನ ಕೈಗೆ ಕೊಟ್ಟಳು. "ಒಂದು ಗಳಿಗೆ ನೋಡ್ಕೊಳಪ್ಪ, ಒಲೆ ಮೇಲೆ ಏನೋ ಬಿಟ್ಬಂದಿದ್ದೀನಿ." ಇಪ್ಪತ್ತೊಂದು ವರ್ಷದಲ್ಲಿ ಅವಳು ಹಾಗೆ ಎದ್ದುಹೋದದ್ದು ಅದೇ ಮೊದಲು. ಹರಿಪ್ರಸಾದ ಬಾಯಿ ಬಿಟ್ಟುಕೊಂಡು ನೋಡಿದ.

ಮುಂಬಾಗಿಲಿನಿಂದ ಹೋಗದೆ ಹಿತ್ತಲು ಸುತ್ತಿಕೊಂಡು ಹೋದಳು. ಚಪ್ಪಲಿ ಬಿಟ್ಟಳು. ಹಿಂದಿನ ಬಾಗಿಲು ತಳ್ಳಿದರೆ ನಡುಮನೆ ಖಾಲಿ. ಕಿಟಕಿಯಲ್ಲಿ ಚಾರ್ಜರಿನ ದಾರ ಮಾತ್ರ ತೂಗುತ್ತಿತ್ತು. ರಾಗಿ ಮೂಟೆ ಇಡುವ ಕೋಣೆಯ ಕಡೆಯಿಂದ ತೀರ ಸಣ್ಣಗೆ ಒಂದು ಹಾಡು ಬರುತ್ತಿತ್ತು. ಗಂಡಸಿನ ದನಿ, ಜೊತೆಗೆ ಡಕ್ಕೆಯ ಸದ್ದು. ಅವಳು ಗೋಡೆ ಹಿಡಿದು ಇಣುಕಿದಳು.

ಮೂಟೆಗಳ ನಡುವೆ ಅಮ್ಮಯಮ್ಮ ಕೂತಿದ್ದಳು. ಫೋನನ್ನು ಸೆರಗಿನಲ್ಲಿ ಸುತ್ತಿ ಕಿವಿಗೆ ಒತ್ತಿಕೊಂಡಿದ್ದಳು. ಚಿತ್ರ ಬರುವ ಮುಖ ಕೆನ್ನೆಗೆ ಅಂಟಿಕೊಂಡಿತ್ತು. ಕಣ್ಣು ಮುಚ್ಚಿತ್ತು. ಹಾಡುವವನು ಒಂದು ಸಾಲು ಎತ್ತಿದ ಕೂಡಲೆ, ಅವನು ಮುಗಿಸುವ ಮುಂಚೆಯೇ ಅವಳ ತುಟಿ ಆ ಸಾಲನ್ನು ಮುಗಿಸುತ್ತಿತ್ತು. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಅಶ್ವತ್ಥಮ್ಮನ ಕಾಲಿಗೆ ಮೊರ ತಾಗಿ ಸದ್ದಾಯಿತು. ಅಮ್ಮಯಮ್ಮ ಬೆಚ್ಚಿ ಕಣ್ಣು ತೆರೆದು, "ಎವರು?" ಅಂದಳು. ಕೂಡಲೇ ಸುಧಾರಿಸಿಕೊಂಡು, "ಯಾರದು?" ಅಂತ ಕನ್ನಡದಲ್ಲಿ ಕೇಳಿದಳು.

ಮೂವತ್ತು ವರ್ಷದಲ್ಲಿ ಅತ್ತೆಯ ಬಾಯಿಂದ ಒಂದು ತೆಲುಗು ಮಾತನ್ನು ಅಶ್ವತ್ಥಮ್ಮ ಕೇಳಿದ್ದಿಲ್ಲ.

"ನಾನು. ಏನತ್ತೆ ಇದು?"

"ನಾನೇನೂ ಕದ್ದಿಲ್ಲ," ಅಂದಳು ಅಮ್ಮಯಮ್ಮ. ಫೋನು ಸೆರಗಿನೊಳಗೆ ಇನ್ನೂ ಹಾಡುತ್ತಲೇ ಇತ್ತು. ನಿಲ್ಲಿಸುವುದು ಅವಳಿಗೆ ಬರುತ್ತಿರಲಿಲ್ಲವೋ, ಕೈ ಓಡಲಿಲ್ಲವೋ.

"ಐದು ದಿನದಿಂದ ಊರೆಲ್ಲ ನನ್ನ ನೋಡಿ ನಗ್ತಾ ಐತೆ. ಅಂಗಡಿಯೋನ್ನ ಕಳ್ಳ ಅಂದ್ಬಿಟ್ಟೆ. ನಿಮ್ಮ ಮಗನ್ನ ಅಂದೆ. ಆ ಮದನಪಲ್ಲಿಯೋರ್ನ ಮನೆ ಬಿಡಿಸ್ತಿದ್ದೆ. ಯಾರು ಕಲಿಸಿದ್ರು ನಿಮಗೆ?"

"ರಮ್ಯ. ದಸರಾಕೆ ಬಂದಾಗ. ಕೆಳಗಡೆ ಬೆರಳಿಟ್ಟು, ಬೇಕಾದ್ದು ಬಾಯಲ್ಲಿ ಹೇಳಜ್ಜಿ, ಅದೇ ಹಾಕ್ತೈತೆ ಅಂದ್ಲು. ಹೇಳ್ದೆ. ಹಾಕ್ತು." ಸ್ವಲ್ಪ ತಡೆದು ಅಂದಳು: "ಮಗೀನ ಬೈಬೇಡ. ಅಮ್ಮಂಗೆ ಹೇಳ್ಬೇಡ ಅಂತ ನಾನೇ ಆಣೆ ಹಾಕ್ಸಿದ್ದೆ."

"ನಂಗೆ ಒಂದು ಮಾತು ಕೇಳ್ಬೋದಿತ್ತಲ್ಲ?"

"ಕೇಳಿದ್ರೆ ಕೊಡ್ತಿದ್ದಾ?"

ಅಶ್ವತ್ಥಮ್ಮ ಬಾಯಿ ತೆರೆದಳು. ಕೊಡುತ್ತಿದ್ದೆ ಅನ್ನಬೇಕು ಅಂತಿದ್ದಳು. ಅಂದಿದ್ದರೆ ಸುಳ್ಳಾಗುತ್ತಿತ್ತು. ಮುದುಕಿಗೆ ಫೋನ್ ಯಾಕೆ ಬೇಕು, ಯಾರ ಜೊತೆ ಏನು ಮಾತಾಡುತ್ತಾಳೆ, ರಮ್ಯಳ ಮನೆಗೆ ಏನು ಹೇಳಿ ಕಳಿಸುತ್ತಾಳೆ ಅಂತ ಹತ್ತು ಯೋಚನೆ ಮಾಡುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಅವಳು ರಾಗಿ ಮೂಟೆಯ ಮೇಲೆ ಕೂತುಬಿಟ್ಟಳು.

ಅಮ್ಮಯಮ್ಮ ತಾನಾಗಿಯೇ ಹೇಳಿದಳು. ಅವಳ ತವರು ಚಿಂತಾಮಣಿಯ ಆಚೆ. ಹದಿನಾಲ್ಕು ವರ್ಷಕ್ಕೆ ಈ ಮನೆಗೆ ಬಂದಾಗ ಅವಳಿಗೆ ಕನ್ನಡದಲ್ಲಿ ನಾಲ್ಕು ಮಾತೂ ಬರುತ್ತಿರಲಿಲ್ಲ. ತವರಿನಲ್ಲಿ ಸುಗ್ಗಿ ಮುಗಿದ ಮೇಲೆ ತಂಬೂರಿ, ಡಕ್ಕೆ ಹಿಡಿದು ತೆಲುಗಿನಲ್ಲಿ ಕಥೆ ಹಾಡುವ ಬುರ್ರಕಥೆಯವರು ಬರುತ್ತಿದ್ದರು. ಮೂರು ದಿನ ಕಥೆ ಹೇಳುತ್ತಿದ್ದರು. ಅವಳಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೇಳಿಸುತ್ತಿದ್ದ. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ದಿನ ಬೀಸುವಾಗ ಅದನ್ನೇ ಗುನುಗಿದ್ದಳು. "ನಮ್ಮತ್ತೆ ಬಂದು ಬಾಯಿ ಮೇಲೆ ಹೊಡೆದ್ರು. ಈ ಮನೇಲಿ ಆ ಮಾತು ಕೇಳಿಸ್ಬಾರ್ದು ಅಂದ್ರು. ಅವತ್ತಿಂದ ಎತ್ತಲಿಲ್ಲ. ಅವ್ರು ಸತ್ರು, ಆಮೇಲೆ ನೀನು ಬಂದೆ. ನಿನ್ನ ಮುಂದೆ ಎತ್ತಿದ್ರೆ ನಗ್ತೀಯೇನೋ ಅಂತ... ಅಭ್ಯಾಸವೇ ತಪ್ಪೋಯ್ತು."

"ನಾನ್ಯಾಕೆ ನಗ್ಲಿ?"

"ಯಾರಿಗೆ ಗೊತ್ತು? ನೀನು ಏನು ಅಂದ್ಕೊಂತೀಯ ಅಂತ ಇವತ್ತಿಗೂ ನಂಗೆ ಗೊತ್ತಾಗಲ್ಲ."

ಅನುಮಾನ ಪಡುವುದು ತನ್ನೊಬ್ಬಳ ಕೆಲಸ ಅಂತ ಅಶ್ವತ್ಥಮ್ಮ ಇಷ್ಟು ದಿನ ತಿಳಿದಿದ್ದಳು. ಮುದುಕಿ ಮೂವತ್ತು ವರ್ಷ ಅವಳನ್ನೂ ಅಳೆಯುತ್ತಾ ಕೂತಿದ್ದಳು. ಸೆರಗಿನೊಳಗೆ ಕಥೆ ನಡೆದೇ ಇತ್ತು. ಆಮೇಲೆ ಡೈರಿಯ ನೆನಪಾಗಿ ಅಶ್ವತ್ಥಮ್ಮ ಎದ್ದಳು. ಹೋಗುವ ಮುಂಚೆ, "ಕತ್ತಲಲ್ಲಿ ಕೂರ್ಬೇಡಿ, ಜಗಲಿಗೆ ಬನ್ನಿ," ಅಂದಳು. ಫೋನನ್ನು ಮಾತ್ರ ಕೇಳಲಿಲ್ಲ.

ಆ ಸಂಜೆ ರಮ್ಯಳಿಗೆ ಫೋನ್ ಮಾಡಿದಳು. ಬೈಯಬೇಕು ಅಂತ ಶುರು ಮಾಡಿದ್ದು ಮಧ್ಯದಲ್ಲೇ ನಿಂತುಹೋಯಿತು. ರಮ್ಯ ಹೇಳಿದಳು: "ಅಮ್ಮ, ಅಜ್ಜಿ ಚಿತ್ರ ನೋಡಲ್ಲ, ಕೇಳ್ತಾರೆ ಅಷ್ಟೇ. ಆದ್ರೆ ಫೋನಿಗೆ ಅದು ಗೊತ್ತಿಲ್ವಲ್ಲ. ಅದು ಒಳ್ಳೆ ಕ್ಲಿಯರ್ ಚಿತ್ರ ಎಳ್ಕೊಂಡು ತೋರಿಸ್ತಾನೇ ಇರ್ತೈತೆ. ಎಲ್ಲ ಡೇಟಾ ಅದಕ್ಕೇ ಹೋಗೋದು. ಕ್ವಾಲಿಟಿ ಅಂತ ಒಂದು ಜಾಗ ಐತೆ, ಅಲ್ಲಿ ಎಲ್ಲಕ್ಕಿಂತ ಕಮ್ಮಿದು ಒತ್ತು. ಚಿತ್ರ ಮಸುಕಾಗ್ತೈತೆ, ಸದ್ದು ಹಾಗೇ ಬರ್ತೈತೆ." ಫೋನು ಹಿಡಿದುಕೊಂಡೇ ಒಂದೊಂದಾಗಿ ಹೇಳಿಕೊಟ್ಟಳು.

ಮಗಳ ಮಾತನ್ನೂ ಅಶ್ವತ್ಥಮ್ಮ ಸುಮ್ಮನೆ ನಂಬಲಿಲ್ಲ. ಮರುದಿನ ಬೆಳಿಗ್ಗೆ ಹೊರಡುವಾಗ ಬರೆದಳು, ಬಂದು ಬರೆದಳು. ಎರಡೂವರೆ ಗಂಟೆ ಕಥೆ ಕೇಳಿದರೂ ಇನ್ನೂರು ಎಂಬಿ ದಾಟಿರಲಿಲ್ಲ. ಒಂದು ವಾರ ಬರೆದಳು. ಒಂದು ದಿನ ಅತ್ತೆ ಹೆಚ್ಚು ಕೇಳುತ್ತಿದ್ದಳು, ಒಂದು ದಿನ ಕೇಳುತ್ತಾ ನಿದ್ದೆ ಹೋಗುತ್ತಿದ್ದಳು. ತನ್ನ ಫೋಟೊ, ರಮ್ಯಳ ವಿಡಿಯೊ, ಬಂಧುಗಳು ಕಳಿಸುವ ಹೂವಿನ ಚಿತ್ರ ಎಲ್ಲ ಸೇರಿದರೂ ಯಾವ ದಿನವೂ ಅರ್ಧ ಜಿಬಿ ಮುಟ್ಟಲಿಲ್ಲ. ಒಂದೂವರೆ ಹಾಕಿಸಿದರೂ ಯಾಕೆ ಸಾಲಲಿಲ್ಲ ಅನ್ನುವುದೂ ಅವಳಿಗೆ ಆಗ ಹೊಳೆಯಿತು. ಒಂದು ಜಿಬಿ ಇದ್ದಾಗ ಹಾಡು ಅರ್ಧಕ್ಕೆ ನಿಂತಲ್ಲಿ ಅತ್ತೆ ಎದ್ದುಹೋಗುತ್ತಿದ್ದಳು. ಒಂದೂವರೆ ಆದಾಗ ಕೊನೆಯ ತನಕ ಕೇಳಿದ್ದಳು. ಡೇಟಾ ಪೂರ್ತಿ ಬಂದಿತ್ತು. ದೇವರಾಜ ಒಂದು ತೊಟ್ಟೂ ಮುಟ್ಟಿರಲಿಲ್ಲ.

ಅವನ ಅಂಗಡಿಗೆ ಹೋಗಲು ಅವಳಿಗೆ ಮತ್ತೆ ನಾಲ್ಕು ದಿನ ಬೇಕಾಯಿತು. ಯಾರೂ ಇಲ್ಲದ ಹೊತ್ತು ನೋಡಿಕೊಂಡು ಹೋಗಬಹುದಿತ್ತು. ಬಸ್ಸಿನ ಹೊತ್ತಿಗೇ ಹೋದಳು. ಜನ ನಿಂತಿದ್ದರು, ಬೈರೇಶನೂ ಇದ್ದ.

"ದೇವರಾಜ, ನಾನು ಅವತ್ತು ಆಡಿದ್ದು ತಪ್ಪು. ಇವ್ರ ಮುಂದೆ ಅಂದಿದ್ದೆ, ಇವ್ರ ಮುಂದೆನೇ ಹೇಳ್ತಾ ಇದ್ದೀನಿ. ನಮ್ಮನೇದು ನಮ್ಮನೇಲೇ ಖರ್ಚಾಗಿತ್ತು."

ದೇವರಾಜ ಕೈಯಲ್ಲಿದ್ದ ಜೆರಾಕ್ಸ್ ಹಾಳೆ ಪಕ್ಕಕ್ಕಿಟ್ಟ. "ಅವತ್ತಿಂದ ಮೂರು ಜನ ಬಂದು ತಮ್ಮ ಡೇಟಾನೂ ಕೇಳಿದ್ರು ಅಕ್ಕ," ಅಂದ. ಅವಳು ತಲೆ ತಗ್ಗಿಸಿದಳು. "ಆ ಮೂರೂ ಜನಕ್ಕೆ ನಾನೇ ಹೇಳ್ತೀನಿ" ಅಂದಳು. ಆಮೇಲೆ ಹೇಳಿಯೂ ಬಂದಳು.

ಡೇಟಾ ಲೆಕ್ಕ ಬರೆದ ಹಾಳೆಯನ್ನು ಅವನ ಮುಂದೆ ಹರಡಿದಳು. ದೇವರಾಜ ಗೆರೆಗಳ ಮೇಲೆ ಬೆರಳಾಡಿಸಿದ. "ಇಷ್ಟು ಚೆನ್ನಾಗಿ ಬರ್ಕೊಂಡು ಯಾರೂ ಬರಲ್ಲ. ನಿಮಗೆ ಎರಡು ಜಿಬಿ ಬೇಡ, ಒಂದೂವರೆನೂ ಬೇಡ. ದಿನಕ್ಕೆ ಒಂದು ಜಿಬಿದು ಹಾಕ್ಸಿದ್ರೂ ಮಿಗುತ್ತೆ. ಇಪ್ಪತ್ತೆಂಟು ದಿನದ್ದು ಬಿಡಿ, ಎಂಬತ್ನಾಲ್ಕು ದಿನದ್ದು ಹಾಕ್ಸಿ. ಪದೇಪದೇ ಬರೋದು ತಪ್ಪುತ್ತೆ, ದಿನಕ್ಕೆ ಬೀಳೋದೂ ಕಮ್ಮಿ."

ಅಶ್ವತ್ಥಮ್ಮನ ಹುಬ್ಬು ಗಂಟಾಯಿತು. "ಎರಡು ಜಿಬಿದು ಹಾಕ್ಸಿದ್ರೆ ತಾನೇ ನಿಂಗೆ ಲಾಭ? ಒಂದು ಜಿಬಿದು ಯಾಕೆ ಹೇಳ್ತಿದ್ದೀಯ?"

ಈ ಸಲ ದೇವರಾಜ ನಕ್ಕ, ಜನರೂ ನಕ್ಕರು. "ನಿಮ್ಮ ಹತ್ರ ಇನ್ನೊಂದ್ಸಲ ಬೈಸ್ಕೊಳ್ಳೋ ಶಕ್ತಿ ನಂಗಿಲ್ಲಕ್ಕ." ಅವಳು ಅವನ ಮುಖವನ್ನು ಎರಡು ಸಲ ನೋಡಿ, ಎಂಬತ್ನಾಲ್ಕು ದಿನದ್ದೇ ಹಾಕಿಸಿದಳು. ಮೆಸೇಜು ಬರುವ ತನಕ ಅಂಗಡಿ ಬಿಟ್ಟು ಕದಲಲಿಲ್ಲ.

ಸಂಕ್ರಾಂತಿ ಹತ್ತಿರ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಡೈರಿ ಬೇಗ ಮುಗಿದು ಅಶ್ವತ್ಥಮ್ಮ ಮನೆಗೆ ಬಂದಾಗ ಅಮ್ಮಯಮ್ಮ ಬಿಸಿಲು ಬೀಳುವ ಕಡೆ ಜಗಲಿಯ ಮೇಲೆ ಕೂತಿದ್ದಳು. ಫೋನು ಮಡಿಲಿನಲ್ಲಿ ಗಟ್ಟಿಯಾಗಿ ಹಾಡುತ್ತಿತ್ತು. ಅಶ್ವತ್ಥಮ್ಮ ಅವರೆಕಾಯಿಯ ಮೊರ ತಂದು ಪಕ್ಕದಲ್ಲಿ ಕೂತು ಸುಲಿಯತೊಡಗಿದಳು. ಕಥೆ ಹೇಳುವವನು ಒಂದೇ ಉಸಿರಿಗೆ ಎಷ್ಟೋ ಹೊತ್ತು ಹಾಡಿದ. ಅವನ ಜೊತೆಯ ಇಬ್ಬರು ತಾಳ ಹಾಕಿದರು, ನಕ್ಕರು, ಏನೋ ಕೇಳಿದರು, ಅವನು ಮತ್ತೆ ಉದ್ದಕ್ಕೂ ಹೇಳಿದ. ಅಮ್ಮಯಮ್ಮನ ಬೊಚ್ಚು ಬಾಯಿ ಅಗಲವಾಯಿತು.

"ಏನಂತೆ ಅತ್ತೆ?"

"ರಾಜ ಬೇಟೆಗೆ ಹೋದನಂತೆ."

ಅಶ್ವತ್ಥಮ್ಮ ಸುಲಿಯುವುದನ್ನು ನಿಲ್ಲಿಸಿದಳು. "ಇಷ್ಟೊತ್ತು ಹೇಳಿದ್ದು ಇಷ್ಟೇನಾ?"

"ಅ... ಅಷ್ಟೇ."

"ನೀವು ನಕ್ಕಿದ್ಯಾಕೆ ಮತ್ತೆ? ಬೇಟೆಗೆ ಹೋದ್ರೆ ನಗು ಬರ್ತೈತಾ? ಏನೋ ಬಿಟ್ಟು ಹೇಳ್ತಾ ಇದ್ದೀರ."

ಅಮ್ಮಯಮ್ಮ ಬೆರಳಿನಿಂದ ತಡಕಾಡಿ ಫೋನನ್ನು ಇಬ್ಬರ ನಡುವೆ, ಮೊರದ ಪಕ್ಕದಲ್ಲಿ ಇಟ್ಟಳು. ಅಶ್ವತ್ಥಮ್ಮ ಮೊರವನ್ನು ಹತ್ತಿರ ಎಳೆದುಕೊಂಡು, ಅತ್ತೆಯ ಮುಖವನ್ನೇ ನೋಡುತ್ತಾ ಮುಂದಿನ ಸಾಲಿಗೆ ಕಿವಿ ಕೊಟ್ಟಳು.